ಎರಡು ಟಿ, ಎರಡು ಎಲ್

ನವನಗರ, ಸೆಕ್ಟರ್ ಮೂವತ್ತೆರಡು.
ಮತದಾರರ ಪಟ್ಟಿ ಬಗಲಾಗಿಟ್ಟುಕೊಂಡು
ಮನಿಮನಿ ತಿರಗೂದು ಈ ಸಲ ನನ್ನ ಪಾಲಿಗೆ.
ಸಾಲಿ ಮಾಸ್ತರಗ ಭಾನುವಾರ ಅನ್ನೂದು ಸುಳ್ಳು.

ಇಲ್ಲಿ ಓಣಿಗೆ ನಂಬರ್, ಮನಿಗೆ ನಂಬರ್.
ಹೆಸರು ಉಳದಿರೂದು ಮನಶ್ಯಾರ ಬೆನ್ನಿಗಷ್ಟ:
ಪಾಟೀಲ ಮೂವತ್ತೊಂದು ಮನಿ,
ಬಡಿಗೇರ ಒಂಬತ್ತು,
ಮೆಣಸಿನಕಾಯಿ ಎರಡು (ಅಣ್ಣತಮ್ಮ, ಮಾತಿಲ್ಲ),
ಉಳ್ಳಾಗಡ್ಡಿ ಒಂದು, ಉಪ್ಪಿನ ಒಂದು.
ಎಣಸ್ತ ಎಣಸ್ತ
ಯಾರದೋ ಅಡಗಿಮನಿ ಹೊಕ್ಕಂಗಾಗತೈತಿ.

ಆಮ್ಯಾಲ ಈ ಮನಿ.
ಕಟ್ಟಿ ಮ್ಯಾಲ ಕರಿಬೇವಿನ ಕುಂಡ, ಕಿಡಕ್ಯಾಗ ಹೊಲಿಗಿ ಮಷಿನ್,
ಮಷಿನ್ ಮ್ಯಾಲ ಯಾರದೋ ಇಳಕಲ್ ಸೀರಿ, ಅರ್ಧಕ್ಕ ಫಾಲ್ ಹಚ್ಚಿದ್ದು.
'ಹೆಸರ್ರಿ?'
'ರೋಸಲಿನ್.'
'ಅಡ್ಡೆಸರು?'
'ಕ್ಯಾಟರಾಲ್.'
ನನ್ನ ಪೆನ್ನು ನಿಂತತು.
'ಕತ್ರಾಳ ಏನ್ರಿ? ವಿಜಾಪುರ ಕಡೆದು?'
ಆಕಿ ನಕ್ಕಳು. ಈ ಪ್ರಶ್ನಿ ಆಕಿ
ಎಷ್ಟೋ ಸಲ ಇಸ್ತ್ರಿ ಮಾಡಿ ಮಡಚಿಟ್ಟದ್ದು.
'ಬರಕೋರಿ. ಎರಡು ಟಿ, ಎರಡು ಎಲ್.

'ಮೀಟರ್ ಗೇಜ್ ಕಾಲದಾಗ ಹಳಿ ತಪಾಸಕ್ಕ ಬಂದಾಂವಂತ,
ಟ್ರಾಲಿ ಮ್ಯಾಲ ಛತ್ರಿ ಹಿಡಕೊಂಡು ಕುಂತಾಂವ,
ಸೇತುವಿ ಬೋಲ್ಟು ಒಂದೊಂದ ಬಡದು ಕಿವಿಗೊಟ್ಟು ಕೇಳಾಂವ.
ಈ ಊರಾಗ ಲಗ್ನಾದ, ಈ ಊರಾಗ ಮಣ್ಣಾದ.
ಅವನ ಮಗಗ ಇಂಗ್ಲಿಷ್ ಬರತಿತ್ತು,
ಮೊಮ್ಮಗಗ ಬೈಯಾಕಷ್ಟ ಬರತಿತ್ತು,
ಮರಿಮಗ, ಅಂದ್ರ ನಮ್ಮವರು, ಸಿಮೆಂಟ್ ಫ್ಯಾಕ್ಟರ್ಯಾಗ ಫಿಟ್ಟರ್.
ರೊಟ್ಟಿ ಇರಲಾರದ್ದು ಊಟ ಅಲ್ಲ ಅಂತಾರ.
ನಾ ಅಂತೂ ಗುಳೇದಗುಡ್ಡದ ನೇಕಾರರ ಮಗಳು.
ಲಗ್ನದಾಗ ಎಲ್ಲಾರಿಗೂ ಹೊಸ ಸೀರಿ ಉಡಸ್ತಾರ,
ನನಗ ಈ ಹೆಸರೂ ಉಡಿಸಿದ್ರು.
ಅಳತಿ ಕೇಳಲಿಲ್ಲ.

'ಹಳೇ ಬಾಗಲಕೋಟಿ ಮನಿ ಮುಳುಗಡ್ಯಾಗ ಹೋತಲ್ರಿ,
ಪರಿಹಾರದ ಕಾಗದದಾಗ ಮಾವನ ಹೆಸರು ಕಟ್ರಾಲ,
ಉತಾರದಾಗ ಕತ್ರಾಳ,
ಬ್ಯಾಂಕಿನ ಬುಕ್ಕಿನ್ಯಾಗ ಕ್ಯಾತರಾಳಕರ.
ಆ ಕರ ಯಾವ ಪುಣ್ಯಾತ್ಮ ಹಚ್ಚಿದ್ನೋ!
ಮೂರೂ ಮಂದಿ ಒಬ್ಬಾಂವ ಅಂತ ತೋರಸಾಕ ಆರು ವರ್ಷ.
ಸಾಹೇಬರು ಕೇಳಿದ್ರಂತ,
ಕತ್ರಾಳ ಮುಳಗೇ ಇಲ್ಲಲ್ಲೋ, ನಿನಗ್ಯಾಕ ರೊಕ್ಕ?'

'ಅರ್ಥ ಏನ್ರಿ ಅದಕ್ಕ?'
'ಅರ್ಥ ಏನಿಲ್ಲ. ಅದೂ ಒಂದ ಊರಂತ,
ಇಂಗ್ಲೆಂಡಿನ ಯಾವದೋ ಮೂಲ್ಯಾಗ, ಹೊಳೀ ದಂಡಿಗೆ.'
'ಇನ್ನೂ ಐತೇನ್ರಿ?'
'ಐತಂತ್ರಿ.'
'ಕ್ಯಾಟರಾಲ್ ಮಂದಿ ಭಾಳ ಅದಾರೇನು ಅಲ್ಲಿ?'
'ಯಾರಿಗೊತ್ತು. ಇಲ್ಲಂತೂ ನಾವು ನಾಕು ಮಂದಿ.
ಸಣ್ಣಾಂವಗ ಸಾಲ್ಯಾಗ
ಕ್ಯಾಟರಿಂಗ್ ಅಂತ ಕರೀತಾರ್ರಿ.'

ಚಾ ಬಂತು. ಕುಡಕೋತ ನಾ ಲೆಕ್ಕ ಹಾಕಿದೆ:
ಆ ಊರಾಗ ಇರೂತನಕ
ಅವನ ಹಿರ್ಯಾಗ ಆ ಊರ ಹೆಸರಿಲೆ ಯಾರು ಕರದಾರು?
ಅಲ್ಲಿ ಅವ ಕುಂಟ ಟಾಮ, ಇಲ್ಲಾ ಗಿರಣಿ ಟಾಮ.
ಅಗಸಿ ದಾಟಿದ ದಿನ
ಮುಂದಿನ ಊರಾಂವ ಕೇಳಿರತಾನ, ಯಾವೂರಪಾ?
ಹೇಳಿದ ಉತ್ತರ ಹೆಗಲೇರಿ ಕುಂತದ್ದು
ಇಳಿಯಲೇ ಇಲ್ಲ, ಸಮುದ್ರ ದಾಟಿದ್ರೂ.
ಹಂಗಾದ್ರ ಇದು
ಊರು ನಮ್ಮದು ಅನ್ನಾಕಲ್ಲ,
ಊರಾಗ ನಾವಿಲ್ಲ ಅನ್ನಾಕ ಇಟ್ಟದ್ದು.

ಸಹಿ ಮಾಡಿದಳು. ಎರಡೂ ಟಿ ಮ್ಯಾಲ
ಒಂದ ಉದ್ದನ್ನ ಗೀಟು.
ಕಪ್ಪು ಇಸಕೊಳ್ಳುವಾಗ ಕೇಳಿದಳು:
'ನಿಮ್ಮದ್ರಿ ಮಾಸ್ತರ?'
'ಹುಣಸಿಹಾಳ.'
'ಎಲ್ಲಿ ಬರತೈತ್ರಿ ಅದು?'

ಹಿನ್ನೀರಿನ ಕಡೆ ಕೈ ಮಾಡಿದೆ.
'ಬ್ಯಾಸಿಗ್ಯಾಗ ಬರತೈತ್ರಿ.
ನೀರಿಳದ್ರ. ಒಂದ ಗುಡಿ ಕಟ್ಟಿ, ನಮ್ಮ ಸಾಲಿ ಗೋಡಿ.
ಮೂರ್ನಾಕ ವಾರ ಇರತೈತಿ.'